ಚಳಿಗಾಲದ ರೋಡ್ ಬೈಕ್: ಜೋಡಣೆ ಮತ್ತು ಪಾಲನೆ

ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಒದ್ದೆಯಾದ, ಉಪ್ಪು ಚೆಲ್ಲಿದ ಡಾಂಬರು ರಸ್ತೆಗಳಲ್ಲಿ ತುಳಿಯಲೆಂದೇ ಬೇರೆಯಾಗಿ ಜೋಡಿಸಿಕೊಂಡ, ಕೆಳಗೆ ಬಾಗಿದ ಹ್ಯಾಂಡಲ್ಲಿನ ಸೈಕಲ್ಲೇ ಚಳಿಗಾಲದ ರೋಡ್ ಬೈಕ್. ಯೂರೋಪು, ಉತ್ತರ ಅಮೆರಿಕಗಳ ಹಲವೆಡೆ ಬಳಕೆಯಲ್ಲಿದ್ದರೂ ಇದು ಒಂದು ಪದ್ಧತಿಯಾಗಿ ಬೇರೂರಿದ್ದು ಬ್ರಿಟನ್ನಿನ ಸೈಕಲ್ ಕ್ಲಬ್ಬುಗಳಲ್ಲಿ. ಅಲ್ಲಿ ರೇಸಿನ ಋತು ಮುಗಿದ ಮೇಲೂ ಭಾನುವಾರದ ಗುಂಪು ಸವಾರಿ ನಿಲ್ಲುವುದಿಲ್ಲ. ಬೇಸಿಗೆಯ ಸೈಕಲ್ಲು ಒಳಗೆ ಸೇರುತ್ತದೆ, ಮಡ್‌ಗಾರ್ಡ್ ಹಾಕಿದ ಇನ್ನೊಂದು ಹೊರಗೆ ಬರುತ್ತದೆ. ಈ ಎರಡನೆಯ ಸೈಕಲ್ಲು ಚಳಿಯನ್ನು ಎದುರಿಸಲು ತಯಾರಾದದ್ದು ಎಂಬ ತಿಳಿವಳಿಕೆ ಸಾಮಾನ್ಯ. ಚಳಿ ಸವಾರನ ಬೆರಳುಗಳನ್ನು ಕಾಡುತ್ತದೆ, ಸೈಕಲ್ಲನ್ನು ಅಷ್ಟಾಗಿ ಕಾಡುವುದಿಲ್ಲ. ಸೈಕಲ್ಲನ್ನು ತಿನ್ನುವುದು ಉಪ್ಪುನೀರು ಮತ್ತು ಅದರ ಜೊತೆಗೆ ಬರುವ ಕಲ್ಲಿನ ಪುಡಿ. ಇದನ್ನು ಒಪ್ಪಿದ ಕೂಡಲೇ ಜೋಡಣೆಯ ಲೆಕ್ಕ ಬದಲಾಗುತ್ತದೆ. ಎಲ್ಲ ಭಾಗಗಳನ್ನೂ ಉಳಿಸಿಕೊಳ್ಳಲು ಆಗದು; ಯಾವುದು ಸವೆದುಹೋಗಲಿ, ಯಾವುದು ಉಳಿಯಲೇಬೇಕು ಎಂಬುದನ್ನು ಮೊದಲೇ ತೀರ್ಮಾನಿಸಬೇಕಾಗುತ್ತದೆ. ಹಾಗಾಗಿ ಈ ಸೈಕಲ್ಲಿನ ಪಾಲನೆ ಕೊಂಡ ಮೇಲೆ ಶುರುವಾಗುವ ಕೆಲಸವಲ್ಲ, ಬಿಡಿಭಾಗಗಳನ್ನು ಆರಿಸುವ ಹೊತ್ತಿಗೇ ಅರ್ಧ ಮುಗಿದಿರುತ್ತದೆ.

ಬ್ರಿಟನ್ನಿನ ಹವೆ ಈ ವಾದಕ್ಕೆ ಒಳ್ಳೆಯ ಸಾಕ್ಷಿ. ಇಂಗ್ಲೆಂಡಿನ ಬಯಲು ಸೀಮೆಯಲ್ಲಿ ಚಳಿಗಾಲದ ಉಷ್ಣತೆ ಹೆಚ್ಚಿನ ದಿನ ಸೊನ್ನೆಯ ಆಸುಪಾಸಿನಲ್ಲೇ, ಇಲ್ಲವೇ ಸ್ವಲ್ಪ ಮೇಲೆ ಇರುತ್ತದೆ. ರಾತ್ರಿ ಹೆಪ್ಪುಗಟ್ಟಿದ್ದು ಹಗಲು ಕರಗುತ್ತದೆ, ರಸ್ತೆ ಒಣಗುವುದೇ ಇಲ್ಲ. ಹಿಮಗಟ್ಟುವ ಸೂಚನೆ ಬಂದ ಸಂಜೆ ರಸ್ತೆ ಇಲಾಖೆಗಳ ಲಾರಿಗಳು ಕಲ್ಲುಪ್ಪು ಚೆಲ್ಲುತ್ತವೆ. ಇದರ ಬಹುಭಾಗ ಬರುವುದು ಚೆಷೈರ್ ಪ್ರಾಂತ್ಯದ ವಿನ್ಸ್‌ಫರ್ಡ್ ಗಣಿಯಿಂದ. 1844ರಲ್ಲಿ ಪತ್ತೆಯಾದ ನಿಕ್ಷೇಪ ಅದು. ಅಡುಗೆಮನೆಯ ಉಪ್ಪಿನಂತೆ ಈ ಕಲ್ಲುಪ್ಪು ಬಿಳಿಯಲ್ಲ. ಜೇಡಿ ಬೆರೆತು ಕಂದುಬಣ್ಣಕ್ಕೆ ತಿರುಗಿರುವ, ನೀರಿನಲ್ಲಿ ಕರಗದ ಕಸರನ್ನೂ ಹೊತ್ತ ಒರಟು ಹರಳು. ತುಕ್ಕು ತರುವ ಲವಣ ಮತ್ತು ಲೋಹವನ್ನು ಉಜ್ಜುವ ಪುಡಿ ಎರಡೂ ಒಂದೇ ಲಾರಿಯಲ್ಲಿ ಬರುತ್ತವೆ ಎಂದಾಯಿತು. ಉಪ್ಪು ಹಿಮವನ್ನು ಕರಗಿಸುವುದು ನೀರಿನ ಘನೀಭವನ ಬಿಂದುವನ್ನು ಇಳಿಸುವುದರಿಂದ. ಹದವಾಗಿ ಬೆರೆತ ದ್ರಾವಣ ಸೈದ್ಧಾಂತಿಕವಾಗಿ ಸೊನ್ನೆಗಿಂತ 21 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೂ ಗಟ್ಟಿಯಾಗದು. ರಸ್ತೆಗೆ ಇದು ವರ. ಸೈಕಲ್ಲಿಗೆ ಇದರ ಅರ್ಥ, ಮಂಜುಗಡ್ಡೆಯಾಗಿ ಸುಮ್ಮನೆ ಬಿದ್ದಿರಬೇಕಿದ್ದ ನೀರು ದ್ರವವಾಗಿಯೇ ಉಳಿದು ಪ್ರತಿ ಸಂದಿಗೂ ಸಿಡಿಯುತ್ತದೆ ಎಂದು.

ಇನ್ನೂ ಕೆಟ್ಟದ್ದು ನಡೆಯುವುದು ಸವಾರಿ ಮುಗಿದ ಮೇಲೆ. ಸೋಡಿಯಂ ಕ್ಲೋರೈಡಿಗೆ ಗಾಳಿಯ ತೇವವನ್ನು ಹೀರಿ ತಾನೇ ದ್ರಾವಣವಾಗುವ ಗುಣವಿದೆ. ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75 ದಾಟಿದರೆ ಸಾಕು. ರಸ್ತೆಗೆ ಕೆಲವೆಡೆ ಬಳಸುವ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಕ್ಲೋರೈಡುಗಳಿಗೆ ಅದರ ಅರ್ಧದಷ್ಟು ತೇವವೂ ಬೇಡ. ಬ್ರಿಟನ್ನಿನ ಚಳಿಗಾಲದ ಗಾಳಿಯಲ್ಲಿ ಆರ್ದ್ರತೆ ಶೇ. 80ರ ಮೇಲಿರುವುದೇ ಹೆಚ್ಚು. ಅಂದರೆ ತೊಳೆಯದೆ ಷೆಡ್ಡಿಗೆ ತಳ್ಳಿದ ಸೈಕಲ್ಲು ನೋಡುವುದಕ್ಕೆ ಒಣಗಿದಂತಿದ್ದರೂ ಅದರ ಮೇಲೊಂದು ತೆಳುವಾದ ಉಪ್ಪುನೀರಿನ ಪದರ ವಾರವಿಡೀ ಉಳಿದಿರುತ್ತದೆ. ಬೆಚ್ಚಗಿನ ಗ್ಯಾರೇಜಿಗೆ ತಂದರೆ ಒಣಗಿಬಿಡುತ್ತದೆಂಬ ನಂಬಿಕೆಯೂ ಅರ್ಧ ಸತ್ಯವೇ: ಉಷ್ಣತೆ ಏರಿದಂತೆ ತುಕ್ಕಿನ ರಾಸಾಯನಿಕ ಕ್ರಿಯೆಯ ವೇಗವೂ ಏರುತ್ತದೆ. ಉಪ್ಪು ತೊಳೆದುಹೋದ ಮೇಲಷ್ಟೇ ಬೆಚ್ಚನೆಯ ಜಾಗ ಉಪಕಾರಿ. ಚಳಿಯ ಪಾತ್ರ ಇಲ್ಲಿ ಎಷ್ಟು ಸಣ್ಣದು ಎಂಬುದಕ್ಕೆ ಒಳಾಂಗಣ ವ್ಯಾಯಾಮದಲ್ಲೇ ಪುರಾವೆಯಿದೆ. ಕೋಣೆಯೊಳಗೆ ಟರ್ಬೊ ಟ್ರೇನರಿಗೆ ಸಿಕ್ಕಿಸಿ ತುಳಿಯುವ ಸೈಕಲ್ಲು ರಸ್ತೆಯನ್ನೇ ಕಾಣುವುದಿಲ್ಲ, ಹಿಮವನ್ನಂತೂ ಇಲ್ಲವೇ ಇಲ್ಲ. ಆದರೂ ಸವಾರನ ಬೆವರು ಇಳಿದಿಳಿದು, ಹ್ಯಾಂಡಲ್ ಟೇಪಿನ ಕೆಳಗೆ ಅಲ್ಯೂಮಿನಿಯಂ ಪುಡಿಪುಡಿಯಾಗಿರುವುದು, ಹ್ಯಾಂಡಲ್ ಕಾಂಡದ ಬೋಲ್ಟುಗಳು ತುಕ್ಕಿನಲ್ಲಿ ಕಚ್ಚಿಕೊಂಡಿರುವುದು ರಿಪೇರಿ ಅಂಗಡಿಗಳವರಿಗೆ ಹೊಸದೇನಲ್ಲ. ಅಲ್ಲಿರುವುದು ಉಪ್ಪು ಮತ್ತು ನೀರು ಎರಡೇ.

ಕರ್ನಾಟಕದ ಓದುಗರಿಗೆ ಈ ಸಮಸ್ಯೆಯ ಹಳೆಯ ಪರಿಹಾರ ಕಣ್ಣಿಗೆ ಪರಿಚಿತವೇ. ನಮ್ಮೂರುಗಳಲ್ಲಿ ಹಾಲಿನವರು, ಅಂಚೆಯವರು ತುಳಿದ ಕಪ್ಪು ಸೈಕಲ್ಲು ಇಂಗ್ಲಿಷ್ ರೋಡ್‌ಸ್ಟರಿನ ನೇರ ವಂಶದ್ದು. 1949ರಲ್ಲಿ ಬ್ರಿಟನ್ನಿನ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಜೊತೆಗೂಡಿ ಮದರಾಸಿನಲ್ಲಿ ಹುಟ್ಟಿದ ಟಿ.ಐ. ಸೈಕಲ್ಸಿನಂಥ ಕಂಪನಿಗಳು ಅದನ್ನು ಇಲ್ಲೇ ತಯಾರಿಸಿದವು. ಉದ್ದನೆಯ ಉಕ್ಕಿನ ಮಡ್‌ಗಾರ್ಡು, ಕೆಲವಕ್ಕೆ ಚೈನನ್ನು ಪೂರ್ತಿ ಮುಚ್ಚುವ ಕವರು, ಗೇರಿಲ್ಲದ ಒಂದೇ ದಪ್ಪ ಚೈನು: ಇವೆಲ್ಲ ಮಳೆಯಲ್ಲಿ ನೆನೆದು ಕೆಸರಿನಲ್ಲಿ ಓಡಾಡುವ ಸೈಕಲ್ಲಿಗೆಂದು ಇಂಗ್ಲೆಂಡಿನಲ್ಲೇ ರೂಪುಗೊಂಡ ಏರ್ಪಾಡುಗಳು. ರೇಸಿನ ಸೈಕಲ್ಲು ತೂಕ ಇಳಿಸುವ ಭರದಲ್ಲಿ ಅವನ್ನೆಲ್ಲ ಕಳಚಿ ಹಾಕಿತು. ಚಳಿಗಾಲದ ರೋಡ್ ಬೈಕ್, ಸವಾರಿಯ ಭಂಗಿಯನ್ನು ಬಿಟ್ಟುಕೊಡದೆ, ಕಳಚಿದ್ದರಲ್ಲಿ ಕೆಲವನ್ನು ಮತ್ತೆ ತೊಡುವ ಪ್ರಯತ್ನ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ನೀರೂ ಮಣ್ಣೂ ಉಂಟು, ರಸ್ತೆಯುಪ್ಪು ಇಲ್ಲ. ಕರಾವಳಿಯಲ್ಲಿ ಕಡಲ ಗಾಳಿಯೇ ಉಪ್ಪನ್ನು ತರುತ್ತದೆ. ಮಂಗಳೂರಿನಲ್ಲಿ ರೋಡ್ ಬೈಕ್ ಇಟ್ಟುಕೊಂಡವರಿಗೆ ಮುಂದಿನ ಮಾತುಗಳಲ್ಲಿ ಹೆಚ್ಚಿನವು ಹಿಮವಿಲ್ಲದೆಯೂ ಅನ್ವಯಿಸುತ್ತವೆ.

ಫ್ರೇಮಿನ ಆಯ್ಕೆಯಲ್ಲಿ ವಸ್ತುವಿಗಿಂತ ಸಂದು ಮುಖ್ಯ. ಟಯರಿಗೂ ಫ್ರೇಮಿಗೂ ನಡುವೆ 28 ಮಿಲಿಮೀಟರ್ ಟಯರು ಮತ್ತು ಅದರ ಮೇಲೊಂದು ಪೂರ್ಣ ಮಡ್‌ಗಾರ್ಡು ಕೂರುವಷ್ಟು ಜಾಗವಿಲ್ಲದಿದ್ದರೆ ಎಷ್ಟೇ ಒಳ್ಳೆಯ ಫ್ರೇಮಾದರೂ ಈ ಕೆಲಸಕ್ಕೆ ಬಾರದು. ರಿಮ್ ಬ್ರೇಕಿನ ರೇಸ್ ಫ್ರೇಮುಗಳಲ್ಲಿ ಬ್ರೇಕಿನ ತೋಳಿನ ಉದ್ದ ಸಾಮಾನ್ಯವಾಗಿ 39ರಿಂದ 49 ಮಿಲಿಮೀಟರ್. 47ರಿಂದ 57 ಮಿಲಿಮೀಟರಿನ ಉದ್ದತೋಳಿನ ಬ್ರೇಕಿಗೆಂದು ಮಾಡಿದ ಫ್ರೇಮುಗಳೇ ಬ್ರಿಟಿಷ್ ಚಳಿಗಾಲದ ಸೈಕಲ್ಲಿನ ಗುರುತಾಗಿದ್ದವು. ಡಿಸ್ಕ್ ಬ್ರೇಕ್ ಬಂದಮೇಲೆ ಈ ಅಡ್ಡಿ ಬಹುಮಟ್ಟಿಗೆ ತಪ್ಪಿದೆ. ವಸ್ತುವಿನ ವಿಚಾರಕ್ಕೆ ಬಂದರೆ, 1935ರಲ್ಲಿ ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಹೊರತಂದ 531 ಕೊಳವೆಗಳ ಕಾಲದಿಂದ ಉಕ್ಕಿಗೆ ಇಲ್ಲೊಂದು ಮಮತೆಯಿದೆ. ತುಕ್ಕು ಹಿಡಿಯುವ ಲೋಹವನ್ನೇ ಉಪ್ಪಿನ ರಸ್ತೆಗೆ ಇಳಿಸುವುದೇ ಎಂಬ ಆಕ್ಷೇಪ ನ್ಯಾಯವಾದದ್ದು. ಉಕ್ಕಿನ ಫ್ರೇಮು ಹೊರಗಿನ ಬಣ್ಣ ಕಿತ್ತ ಕಡೆ ತುಕ್ಕು ಹಿಡಿದರೆ ಕಣ್ಣಿಗೆ ಬೀಳುತ್ತದೆ. ಕೊಳವೆಯ ಒಳಗಿನಿಂದ ಹಿಡಿದರೆ ಬೀಳುವುದಿಲ್ಲ. ಸೀಟ್ ಪೋಸ್ಟಿನ ಬಾಯಿಯಿಂದ ಇಳಿದ ನೀರು ಕೆಳಗೆ ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ಗೂಡಿನಲ್ಲಿ ಸೇರುತ್ತದೆ. ಆ ಗೂಡಿನ ತಳಕ್ಕೆ ಒಂದು ಸಣ್ಣ ರಂಧ್ರವಿದ್ದು ಅದು ಕೆಸರಿನಿಂದ ಮುಚ್ಚಿಹೋಗದಿದ್ದರೆ, ಕೊಳವೆಗಳ ಒಳಗೆ ಮೇಣದಂಥ ತುಕ್ಕುನಿರೋಧಕ ಎಣ್ಣೆ ಸಿಂಪಡಿಸಿದ್ದರೆ, ಉಕ್ಕು ದಶಕಗಟ್ಟಲೆ ಬಾಳುತ್ತದೆ. ರಂಧ್ರವಿಲ್ಲದ ಫ್ರೇಮಿಗೆ ಕೊರೆಸುವ ಮುನ್ನ ತಯಾರಕರ ಮಾತು ಕೇಳುವುದು ಒಳಿತು.

ಉಕ್ಕಿನ ತುಕ್ಕಿಗಿಂತ ಕಿಡಿಗೇಡಿಯಾದದ್ದು ಎರಡು ಬೇರೆಬೇರೆ ಲೋಹಗಳ ನಡುವಿನ ಸವೆತ. ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ಸೀಟ್ ಪೋಸ್ಟು, ನಡುವೆ ಉಪ್ಪುನೀರು ಎಂದರೆ ಅದೊಂದು ಬ್ಯಾಟರಿಯೇ ಸರಿ. ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಅದರಿಂದ ಹುಟ್ಟುವ ಬಿಳಿಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಪೋಸ್ಟು ಬಿರಡೆಯಂತೆ ಬಿಗಿದುಕೊಳ್ಳುತ್ತದೆ. ಕಾರ್ಬನ್ ಫ್ರೇಮಿಗೆ ತುಕ್ಕಿಲ್ಲವೆಂದು ನೆಮ್ಮದಿಯಾಗಿರುವಂತಿಲ್ಲ, ಏಕೆಂದರೆ ಕಾರ್ಬನ್ನಿಗೂ ಅಲ್ಯೂಮಿನಿಯಮ್ಮಿಗೂ ಇದೇ ಜಗಳ ಇನ್ನೂ ಜೋರು. ಕಚ್ಚಿಕೊಂಡ ಪೋಸ್ಟನ್ನು ಉಕ್ಕಿನ ಫ್ರೇಮಿನಿಂದ ಬಿಡಿಸಲು ಕೊನೆಯ ಉಪಾಯವಾಗಿ ಕಾಸ್ಟಿಕ್ ಸೋಡಾ ಸುರಿದು ಅಲ್ಯೂಮಿನಿಯಮ್ಮನ್ನೇ ಕರಗಿಸುವವರಿದ್ದಾರೆ. ಕಣ್ಣು, ಚರ್ಮ ಎರಡಕ್ಕೂ ಅಪಾಯದ ಕೆಲಸ ಅದು. ಅಷ್ಟು ದೂರ ಹೋಗದಿರಲು ಬೇಕಾದದ್ದು ಜೋಡಿಸುವಾಗ ಪೋಸ್ಟಿಗೆ ಸವರಿದ ಗ್ರೀಸು, ಕಾರ್ಬನ್ನಾದರೆ ಅದಕ್ಕೆಂದೇ ಇರುವ ಪೇಸ್ಟು, ಮತ್ತೆ ಚಳಿಗಾಲದಲ್ಲಿ ಒಂದೆರಡು ಬಾರಿ ಪೋಸ್ಟನ್ನು ಹೊರಗೆಳೆದು ಒರೆಸಿ ಮರಳಿ ಸವರುವ ಅಭ್ಯಾಸ. ಗಾಲಿಯಲ್ಲೂ ಇದೇ ತತ್ತ್ವ. ಕಡ್ಡಿಗಳ ತುದಿಯ ನಿಪ್ಪಲ್ಲುಗಳು ಹಿತ್ತಾಳೆಯವಾಗಿರಲಿ. ಹಗುರವಾದ ಅಲ್ಯೂಮಿನಿಯಂ ನಿಪ್ಪಲ್ಲು ಕೆಲವು ಗ್ರಾಂ ಉಳಿಸಿ, ಗಾಲಿಯ ಓರೆ ತಿದ್ದುವ ದಿನ ಕೀಲಿಯಲ್ಲೇ ಪುಡಿಯಾಗುತ್ತದೆ.

ಮಡ್‌ಗಾರ್ಡು ಸವಾರನ ಬೆನ್ನು ಒದ್ದೆಯಾಗದಿರಲು ಎಂದುಕೊಳ್ಳುವವರೇ ಹೆಚ್ಚು. ಮುಂದಿನ ಗಾಲಿ ಎಸೆಯುವ ಕೆಸರುನೀರು ನೇರವಾಗಿ ಬಡಿಯುವುದು ಬಾಟಮ್ ಬ್ರಾಕೆಟ್ಟು, ಚೈನು ಮತ್ತು ಮುಂದಿನ ಗೇರಿನ ಮೇಲೆ. ಹಾಗಾಗಿ ಮುಂದಿನ ಮಡ್‌ಗಾರ್ಡು ನೆಲದ ಹತ್ತಿರದವರೆಗೆ ಇಳಿದು, ಅದರ ತುದಿಗೊಂದು ರಬ್ಬರ್ ಪಟ್ಟಿ ಇದ್ದರೆ ಚೈನಿನ ಆಯುಸ್ಸೇ ಬೆಳೆಯುತ್ತದೆ. ಹಿಂದಿನದರ ಪಟ್ಟಿ ಹಿಂದೆ ಬರುವ ಸವಾರನ ಮುಖಕ್ಕೆ ಎರಚದಿರಲು. ಬ್ರಿಟಿಷ್ ಕ್ಲಬ್ಬುಗಳಲ್ಲಿ ಇದೊಂದು ಮರ್ಯಾದೆಯ ಪ್ರಶ್ನೆ. ಟಯರಿನ ಬಗ್ಗೆ ಹೇಳುವುದು ಕಡಿಮೆ. ಒದ್ದೆ ರಬ್ಬರನ್ನು ಗಾಜಿನ ಚೂರು, ಚಕಮಕಿ ಕಲ್ಲು ಸುಲಭವಾಗಿ ಕೊಯ್ಯುತ್ತವೆ, ಶರತ್ಕಾಲದಲ್ಲಿ ಇಂಗ್ಲೆಂಡಿನ ಹೊಲದ ಬೇಲಿಗಳನ್ನು ಯಂತ್ರದಿಂದ ಕತ್ತರಿಸಿದಾಗ ಮುಳ್ಳುಗಳು ರಸ್ತೆಗೆ ಉದುರುತ್ತವೆ. ಪಂಕ್ಚರ್ ತಡೆಯುವ ಪದರವಿರುವ ಅಗಲ ಟಯರೇ ಸೂಕ್ತ. ಗಾಳಿಯ ಒತ್ತಡವೂ ಹವೆಯ ಜೊತೆ ಇಳಿಯುತ್ತದೆ: 20 ಡಿಗ್ರಿಯ ಕೋಣೆಯಲ್ಲಿ 6 ಬಾರ್ ತುಂಬಿಸಿದ ಟಯರು ಸೊನ್ನೆ ಡಿಗ್ರಿಯ ಬೀದಿಯಲ್ಲಿ ಸುಮಾರು 5.5 ಬಾರ್ ತೋರುತ್ತದೆ. ಹಿಡಿತಕ್ಕೆ ಅದು ಒಳ್ಳೆಯದೇ.

ಜೋಡಣೆಯ ತಿರುಳಿರುವುದು ಚೈನು ಮತ್ತು ಹಲ್ಲುಚಕ್ರಗಳಲ್ಲಿ. ಚೈನು ಹಿಗ್ಗಿತು ಎನ್ನುತ್ತಾರಾದರೂ ಅದರ ತಗಡುಗಳು ಹಿಗ್ಗುವುದಿಲ್ಲ. ಪ್ರತಿ ಕೊಂಡಿಯ ಪಿನ್ನೂ ಅದು ಕೂತ ತೂತೂ ಸವೆಯುತ್ತವೆ, ನೂರಕ್ಕೂ ಹೆಚ್ಚು ಪಿನ್ನುಗಳ ಸಣ್ಣ ಸವೆತ ಕೂಡಿ ಚೈನು ಉದ್ದವಾಗುತ್ತದೆ. ಎಣ್ಣೆಯಲ್ಲಿ ಕಲ್ಲುಪುಡಿ ಬೆರೆತರೆ ಅದು ಸಾಣೆಯ ಲೇಪವಾಗಿ ಒಳಗೇ ಕೆಲಸ ಮಾಡುತ್ತದೆ, ಹೊರಮೈ ಎಷ್ಟೇ ಹೊಳೆಯುತ್ತಿರಲಿ. ಅಳೆಯುವುದು ಸುಲಭ. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 12.7 ಮಿಲಿಮೀಟರ್, ಅಂದರೆ ಅರ್ಧ ಅಂಗುಲ. 24 ಕೊಂಡಿಗಳಿಗೆ ಸರಿಯಾಗಿ ಒಂದಡಿ, 304.8 ಮಿಲಿಮೀಟರ್. ಉಕ್ಕಿನ ಅಡಿಕೋಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿದು, ಚೈನನ್ನು ಬಿಗಿಯಾಗಿಟ್ಟು, ಇಪ್ಪತ್ನಾಲ್ಕನೆಯ ಕೊಂಡಿಯ ಪಿನ್ನು ಒಂದಡಿಯ ಗೆರೆಯಿಂದ ಎಷ್ಟು ಆಚೆ ಸರಿದಿದೆ ಎಂದು ನೋಡಬೇಕು. ಒಂದೂವರೆ ಮಿಲಿಮೀಟರ್ ಸರಿದಿದ್ದರೆ ಶೇ. 0.5 ಸವೆದಿದೆ. ಹಿಂದೆ 11 ಅಥವಾ 12 ಹಲ್ಲುಚಕ್ರಗಳಿರುವ ಸೈಕಲ್ಲಿನಲ್ಲಿ ಅಷ್ಟಕ್ಕೇ ಚೈನು ಬದಲಿಸುವುದು ವಾಡಿಕೆ. 10 ಅಥವಾ ಅದಕ್ಕೂ ಕಡಿಮೆಯಿದ್ದರೆ ಶೇ. 0.75ರವರೆಗೆ ತಡೆಯಬಹುದು. ತಡಮಾಡಿದರೆ ಉದ್ದವಾದ ಚೈನು ಹಲ್ಲುಗಳನ್ನು ತನ್ನ ಅಳತೆಗೆ ತೇಯ್ದುಕೊಳ್ಳುತ್ತದೆ, ಆಮೇಲೆ ಹೊಸ ಚೈನು ಹಾಕಿದರೆ ಅದು ಹಳೆಯ ಹಲ್ಲಿನ ಮೇಲೆ ಜಾರುತ್ತದೆ. ಬಲಿ ಕೊಡಬೇಕಾದ ಭಾಗ ಚೈನೇ ಎಂಬುದು ಇಲ್ಲಿ ಸ್ಪಷ್ಟ. ಅದು ಅಗ್ಗದ್ದಾಗಿರಬೇಕು, ಬೇಗಬೇಗ ಬದಲಾಗಬೇಕು.

ದುಬಾರಿ ಬಿಡಿಭಾಗ ಹೆಚ್ಚು ಬಾಳುತ್ತದಲ್ಲವೇ ಎಂದು ಕೇಳುವವರಿಗೆ ಹಲ್ಲುಚಕ್ರಗಳನ್ನೇ ತೋರಿಸಬಹುದು. ಬಿಡಿಭಾಗ ತಯಾರಕ ಶಿಮಾನೊದ ಮೇಲ್ದರ್ಜೆಯ ಡ್ಯೂರಾ-ಏಸ್ ಕ್ಯಾಸೆಟ್ಟಿನ, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲಿನ, ದೊಡ್ಡ ಚಕ್ರಗಳು ಟೈಟಾನಿಯಮ್ಮಿನವು. ಹಗುರ, ಆದರೆ ಕೆಳದರ್ಜೆಯ ಉಕ್ಕಿನ ಚಕ್ರಗಳಿಗಿಂತ ಬೇಗ ಸವೆಯುತ್ತವೆ. ಸೈಕಲ್ ಉದ್ಯಮದಲ್ಲಿ ಬೆಲೆ ಏರುವುದು ತೂಕ ಇಳಿದಂತೆ, ಬಾಳಿಕೆ ಏರಿದಂತೆ ಅಲ್ಲ. ಗೇರನ್ನೇ ಬಿಟ್ಟುಬಿಡುವುದು ಇನ್ನೊಂದು ದಾರಿ. ಫ್ರೀವೀಲ್ ಇಲ್ಲದ ಒಂಟಿ ಗೇರಿನಲ್ಲಿ ಚಳಿಗಾಲ ಕಳೆಯುವುದು ಬ್ರಿಟಿಷ್ ರೇಸಿಗರ ಹಳೆಯ ಸಂಪ್ರದಾಯ. ದಪ್ಪ ಚೈನು, ನೇರ ಓಟ, ಕೆಡಲು ಏನೂ ಇಲ್ಲ. ಗುಡ್ಡಗಾಡಿನಲ್ಲಿ ಮಾತ್ರ ಮೊಣಕಾಲಿನ ಮೇಲೆ ಅದರ ಸುಂಕ ಬೀಳುತ್ತದೆ. ನಾಟಿಂಗ್‌ಹ್ಯಾಮಿನಲ್ಲಿ 1902ರಲ್ಲಿ ಶುರುವಾದ ಸ್ಟರ್ಮಿ-ಆರ್ಚರ್ ಪರಂಪರೆಯ ಹಬ್ ಗೇರು ಈ ಕಷ್ಟವನ್ನು ತಪ್ಪಿಸಿ ಗೇರನ್ನೆಲ್ಲ ಹಬ್ಬಿನೊಳಗೆ ಮುಚ್ಚಿಡುತ್ತದೆ, ಆದರೆ ಭಾರ, ಮತ್ತು ರೋಡ್ ಬೈಕಿನ ಬಾಗಿದ ಹ್ಯಾಂಡಲ್ಲಿಗೆ ಒಪ್ಪುವ ಗೇರ್ ಹಿಡಿಗಳು ಸಿಗುವುದು ಕಷ್ಟ. ಬಿಸಿಮೇಣದಲ್ಲಿ ಚೈನನ್ನು ಅದ್ದುವ ಪದ್ಧತಿಗೆ ಈಗ ಬಹಳ ಬೆಂಬಲಿಗರಿದ್ದಾರೆ, ಒಣ ರಸ್ತೆಯಲ್ಲಿ ಅವರ ಮಾತು ಸರಿ: ಮೇಣಕ್ಕೆ ಪುಡಿ ಅಂಟುವುದಿಲ್ಲ. ಉದ್ದನೆಯ ಮಳೆಯಲ್ಲಿ ಮೇಣ ತೊಳೆದುಹೋಗಿ, ಸಂಜೆಗೆ ಒರೆಸದಿದ್ದರೆ ಬೆಳಗ್ಗೆ ಚೈನಿನ ಮೇಲೆ ಕೆಂಪು ತುಕ್ಕು ಮೂಡುತ್ತದೆ. ಪ್ರತಿ ಒದ್ದೆ ಸವಾರಿಯ ನಂತರ ಚೈನು ಬಿಚ್ಚಿ ಅದ್ದುವ ತಾಳ್ಮೆಯಿದ್ದವರಿಗೆ ಮೇಣ, ಇಲ್ಲದವರಿಗೆ ಮಳೆಗೆಂದೇ ಮಾಡಿದ ಜಿಗುಟು ಎಣ್ಣೆ. ಕೊಂಡಿಗೊಂದು ಹನಿಯಂತೆ ಬಿಟ್ಟು, ಹೊರಮೈಯದನ್ನು ಒರೆಸಿಬಿಡಬೇಕು.

ಬ್ರೇಕಿನ ವಿಷಯದಲ್ಲಿ ಕಾಲ ಬದಲಾಗಿದೆ. ರಿಮ್ ಬ್ರೇಕಿನ ಪ್ಯಾಡಿಗೆ ಅಂಟಿದ ಪುಡಿ ಪ್ರತಿ ಸಲ ಹಿಡಿದಾಗಲೂ ಅಲ್ಯೂಮಿನಿಯಂ ರಿಮ್ಮಿನ ಗೋಡೆಯನ್ನು ಕೆರೆಯುತ್ತದೆ. ಕೆರೆದ ಲೋಹದ ಚೂರುಗಳೇ ಪ್ಯಾಡಿಗೆ ಸೇರಿಕೊಂಡು ಇನ್ನಷ್ಟು ಕೆರೆಯುತ್ತವೆ. ರಿಮ್ಮಿನ ಮೇಲಿನ ಸವೆತ ತೋರಿಸುವ ಗೆರೆ ಅಥವಾ ಚುಕ್ಕೆ ಮಾಯವಾದರೆ, ಬೆರಳಿಟ್ಟಾಗ ಗೋಡೆ ಒಳಕ್ಕೆ ಬಾಗಿದ್ದು ತಿಳಿದರೆ, ಗಾಲಿಯನ್ನು ಕೂಡಲೇ ಬದಲಿಸಬೇಕು. ಒಳಗಿನ ಗಾಳಿಯ ಒತ್ತಡಕ್ಕೆ ತೆಳುಗೋಡೆ ಸಿಡಿಯುವ ಅಪಾಯವಿದೆ. ಡಿಸ್ಕ್ ಬ್ರೇಕು ಈ ಸವೆತವನ್ನು ಗಾಲಿಯಿಂದ ಬೇರ್ಪಡಿಸಿ, ಸುಲಭವಾಗಿ ಬದಲಿಸಬಹುದಾದ ತಗಡಿಗೆ ವರ್ಗಾಯಿಸಿತು. ಶಿಮಾನೊ ತಗಡು ಹೊಸದರಲ್ಲಿ 1.8 ಮಿಲಿಮೀಟರ್ ದಪ್ಪ, 1.5ಕ್ಕೆ ಇಳಿದರೆ ಅದರ ಕೆಲಸ ಮುಗಿಯಿತು. ರಸ್ತೆ ರೇಸುಗಳಲ್ಲಿ ಡಿಸ್ಕ್ ಬ್ರೇಕಿಗೆ ಪೂರ್ಣ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. ಚಳಿಗಾಲದ ಸವಾರರು ಅದರ ಪ್ರಯೋಜನ ಕಂಡುಕೊಂಡದ್ದು ಅದಕ್ಕೂ ಮೊದಲೇ. ಆದರೂ ಡಿಸ್ಕ್ ಬಂದಮೇಲೆ ಪಾಲನೆಯೇ ಬೇಡ ಎಂಬ ಮಾತು ನಿಲ್ಲುವುದಿಲ್ಲ. ಕ್ಯಾಲಿಪರಿನ ಪಿಸ್ಟನ್ನುಗಳ ಸುತ್ತ ಉಪ್ಪುಕೆಸರು ಕಟ್ಟಿಕೊಂಡರೆ ಅವು ಸಮವಾಗಿ ಹಿಂದಕ್ಕೆ ಸರಿಯದೆ ಒಂದು ಪ್ಯಾಡು ಸದಾ ಉಜ್ಜುತ್ತಿರುತ್ತದೆ. ರಾಳದ ಪ್ಯಾಡು ಒದ್ದೆ ಪುಡಿಯಲ್ಲಿ ಬೇಗ ಕರಗುವುದರಿಂದ ಲೋಹಪುಡಿಯ ಪ್ಯಾಡು ಮೇಲು, ಸದ್ದು ಸ್ವಲ್ಪ ಹೆಚ್ಚಾದರೂ.

ಇಷ್ಟಾದ ಮೇಲೆ ಉಳಿಯುವ ದಿನನಿತ್ಯದ ಪಾಲನೆ ಸಣ್ಣದೇ. ಸವಾರಿ ಮುಗಿದ ಕೂಡಲೇ, ಉಪ್ಪು ಒಣಗುವ ಮೊದಲು, ಒಂದು ಬಕೆಟ್ ಬಿಸಿನೀರು, ಕಾರು ತೊಳೆಯುವ ಶಾಂಪೂ, ಎರಡು ಬ್ರಷ್ಷು. ಪಾತ್ರೆ ತೊಳೆಯುವ ದ್ರವಗಳಲ್ಲಿ ಹಲವಕ್ಕೆ ಗಟ್ಟಿತನ ಬರಲೆಂದು ಉಪ್ಪನ್ನೇ ಬೆರೆಸಿರುತ್ತಾರೆ. ಬಳಸಿದರೆ ಚೆನ್ನಾಗಿ ಜಾಲಾಡಬೇಕು. ಒತ್ತಡದ ನೀರಿನ ಪಂಪು ಕಣ್ಣಿಗೆ ಶುಚಿ ಮಾಡುತ್ತದೆ, ಆದರೆ ಬೇರಿಂಗಿನ ರಬ್ಬರ್ ಮುಚ್ಚಳವನ್ನು ದಾಟಿ ನೀರನ್ನು ಒಳಗೆ ನುಗ್ಗಿಸಿ ಗ್ರೀಸನ್ನು ಹೊರಹಾಕುತ್ತದೆ. ಹಬ್ಬು ಮತ್ತು ಬಾಟಮ್ ಬ್ರಾಕೆಟ್ಟಿಗೆ ಸಾಮಾನ್ಯ ಅಳತೆಯ ಮುಚ್ಚಿದ ಬೇರಿಂಗುಗಳನ್ನೇ ಆರಿಸಿದ್ದರೆ, ಕೆಟ್ಟಾಗ ಬಡಿದು ತೆಗೆದು ಹೊಸದು ಕೂರಿಸಿದರೆ ಮುಗಿಯಿತು. ಬಿಡಿ ಗುಂಡುಗಳ ಹಳೆಯ ಹಬ್ಬು ಬಿಚ್ಚಿ ಗ್ರೀಸು ಹಾಕುವವರ ಕೈಯಲ್ಲಿ ಬಹುಕಾಲ ಬಾಳುತ್ತದೆ. ಮರೆತವರ ಕೈಯಲ್ಲಿ ಗುಂಡು ಓಡುವ ಬಟ್ಟಲಿಗೇ ಗುಳಿ ಬಿದ್ದು ಇಡೀ ಹಬ್ಬೇ ಹೋಗುತ್ತದೆ. ತೊಳೆದಾದ ಮೇಲೆ ಚಿಂದಿ ಬಟ್ಟೆಯಿಂದ ಒರೆಸಿ ಚೈನಿಗೆ ಎಣ್ಣೆ ಬಿಡುವುದನ್ನು ನಾಳೆಗೆ ಮುಂದೂಡುವಂತಿಲ್ಲ.

ಎರಡೆರಡು ಸೈಕಲ್ಲು ಸಾಕುವುದು ಸಿರಿವಂತರ ಶೋಕಿ ಎಂಬುದು ಈ ಪದ್ಧತಿಯ ಮೇಲಿರುವ ಮುಖ್ಯ ಆಕ್ಷೇಪ. ಇಂದಿನ ಅಂಗಡಿಗಳಲ್ಲಿ ಚಳಿಗಾಲದ್ದೆಂದು ಮಾರುವ ಬೆಲೆಬಾಳುವ ಮಾದರಿಗಳನ್ನು ನೋಡಿದರೆ ಅದು ಪೂರ್ತಿ ಸುಳ್ಳೆನ್ನಲಾಗದು. ಪದ್ಧತಿ ಹುಟ್ಟಿದ್ದು ಮಾತ್ರ ಉಳಿತಾಯದಿಂದ. ಬೇಸಿಗೆಯ ಸೈಕಲ್ಲಿಗೆ ಹೊಸ ಗೇರು ಬಂದಾಗ ಹಳೆಯದು ಚಳಿಗಾಲದ ಸೈಕಲ್ಲಿಗೆ ಇಳಿಯುತ್ತಿತ್ತು. ಒಂದೇ ಸೈಕಲ್ಲು ಇರುವವರಿಗೂ ಇಲ್ಲಿನ ತರ್ಕ ಬೇರೆಯಲ್ಲ: ಮಡ್‌ಗಾರ್ಡಿಗೆ ಜಾಗವಿರುವ ಫ್ರೇಮು, ಚಳಿಗಾಲಕ್ಕೆ ಬೇರೊಂದು ಅಗ್ಗದ ಜೊತೆ ಗಾಲಿ, ಉಕ್ಕಿನ ಕ್ಯಾಸೆಟ್ಟು. ಎರಡನೆಯ ಸೈಕಲ್ಲಿನ ಲಾಭದ ಮುಕ್ಕಾಲು ಪಾಲು ಅಷ್ಟರಲ್ಲೇ ಬರುತ್ತದೆ.

ಚಳಿಯೇ ನಿಜವಾದ ಎದುರಾಳಿಯಾಗುವ ಊರುಗಳೂ ಇವೆ, ಅಲ್ಲಿ ಸೈಕಲ್ಲಿನ ರೂಪವೇ ಬೇರೆ. ಉತ್ತರ ಅಕ್ಷಾಂಶ 65 ಡಿಗ್ರಿಯಲ್ಲಿರುವ ಫಿನ್ಲೆಂಡಿನ ಔಲು ನಗರ ಇದಕ್ಕೆ ಹೆಸರುವಾಸಿ; ಚಳಿಗಾಲದ ಸೈಕಲ್ ಸವಾರಿಯ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ 2013ರಲ್ಲಿ ನಡೆದದ್ದು ಅಲ್ಲೇ. ಗಟ್ಟಿಯಾಗಿ ತುಳಿದ ಒಣ ಹಿಮದ ಮೇಲೆ ಟಂಗ್‌ಸ್ಟನ್ ಕಾರ್ಬೈಡ್ ಮೊಳೆಗಳ ಟಯರು ಬೇಕಾಗುತ್ತದೆ. ತುಳಿಯುವುದನ್ನು ನಿಲ್ಲಿಸಿದಾಗಲೂ ಗಾಲಿ ತಿರುಗಲು ಬಿಡುವ ಫ್ರೀಹಬ್ಬಿನೊಳಗಿನ ಗ್ರೀಸು ಗಟ್ಟಿಯಾಗಿ ಅದರ ಸಣ್ಣ ಕೊಕ್ಕೆಗಳು ಮೇಲೇಳದೆ ಪೆಡಲು ಸುಮ್ಮನೆ ತಿರುಗುವುದುಂಟು, ಹಾಗಾಗಿ ತೆಳುವಾದ ಎಣ್ಣೆಯೇ ಅಲ್ಲಿಗೆ ಸರಿ. ಗೇರಿನ ಕೇಬಲ್ಲಿನ ಹೊದಿಕೆಯಲ್ಲಿ ಸೇರಿದ ತೇವ ಹೆಪ್ಪುಗಟ್ಟಿ ಗೇರು ಸಿಕ್ಕಿಕೊಳ್ಳುತ್ತದೆ. ಲಿಥಿಯಂ ಬ್ಯಾಟರಿಯ ದೀಪ ಬೇಗ ಮಂಕಾಗುವುದರಿಂದ ಹಬ್ಬಿನ ಡೈನಮೊ ಅನುಕೂಲ. ಇಷ್ಟೆಲ್ಲ ಚಳಿಯಿದ್ದರೂ ಉಪ್ಪಿಲ್ಲದ ಒಣ ಹಿಮದಲ್ಲಿ ಓಡಿದ ಚೈನು, ಸೈಕಲ್ ಹಾದಿಗೂ ಉಪ್ಪುನೀರು ಸಿಂಪಡಿಸುವ ಕೋಪನ್‌ಹೇಗನ್ನಿನ ಮೃದು ಚಳಿಯಲ್ಲಿ ಓಡಿದ ಚೈನಿಗಿಂತ ಕಡಿಮೆ ತುಕ್ಕು ಹಿಡಿಯುತ್ತದೆ.

ಮಾರ್ಚ್ ಕೊನೆಗೆ ಲಾರಿಗಳು ಉಪ್ಪು ಚೆಲ್ಲುವುದು ನಿಂತು, ಒಂದೆರಡು ಜೋರು ಮಳೆ ರಸ್ತೆಯನ್ನು ತೊಳೆದ ಮೇಲೆ, ಚಳಿಗಾಲದ ಸೈಕಲ್ಲನ್ನು ಬಿಚ್ಚುವ ಕೆಲಸ. ಇದನ್ನು ಮುಂದಿನ ಅಕ್ಟೋಬರಿಗೆ ಬಿಡುವವರೇ ಬಹಳ, ಉಪ್ಪು ಆರು ತಿಂಗಳು ಒಳಗೇ ಕೂತು ಕೆಲಸ ಮಾಡುವುದೂ ಅವರ ಸೈಕಲ್ಲಿನಲ್ಲೇ. ಸೀಟ್ ಪೋಸ್ಟು, ಪೆಡಲು, ಹ್ಯಾಂಡಲ್ ಕಾಂಡ ಹೊರಗೆ ಬರಬೇಕು. ತಿರುಪಿನ ಎಳೆಗಳಿಗೆ ಹೊಸ ಗ್ರೀಸು. ಹ್ಯಾಂಡಲ್ ಟೇಪು ಬಿಚ್ಚಿ ಕೆಳಗಿನ ಲೋಹದಲ್ಲಿ ಬಿಳಿಪುಡಿ ಇದೆಯೇ ಎಂದು ನೋಡುವುದು. ಕೇಬಲ್ಲು ಹೊದಿಕೆ ಸಮೇತ ಬದಲಿ. ಚೈನು ಹೋಗುವುದಂತೂ ಖಚಿತ. ಕ್ಯಾಸೆಟ್ಟು ಇನ್ನೊಂದು ಚಳಿಗಾಲ ತಡೆಯುತ್ತದೆಯೇ ಎಂಬುದಕ್ಕೆ ಉತ್ತರ ಅಂದಾಜಿನಲ್ಲಿಲ್ಲ: ಹೊಸ ಚೈನು ಹಾಕಿ, ಹೆಚ್ಚು ಬಳಸಿದ ಹಲ್ಲುಚಕ್ರದಲ್ಲಿ ನಿಂತು ತುಳಿದು ನೋಡಬೇಕು. ಜಾರದಿದ್ದರೆ ಉಳಿಸಿಕೊಳ್ಳಬಹುದು, ಜಾರಿದರೆ ಬೇಸಿಗೆಯ ಸೈಕಲ್ಲಿನಿಂದ ಇಳಿದು ಬರುವ ಕ್ಯಾಸೆಟ್ಟಿಗೆ ಜಾಗ ಸಿದ್ಧವಾಯಿತು.